ಹಳೇ ಟಿವಿ ದೃಶ್ಯ, ಹಳೇ ಕ್ಯಾಸೆಟ್: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಇರುವ ಹಳೇ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ನಮ್ಮ ಜಿಲ್ಲೆಯ ಚರಿತ್ರೆ ಮೇಲೆ ಸಾಕ್ಷ್ಯಚಿತ್ರ ಮಾಡುವ ಹುಡುಗ ಹುಡುಗಿಯರೂ ಬರುತ್ತಾರೆ. ಎಲ್ಲರೂ ಸುಮಾರು ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ತಿಳಿಯಬೇಕಾದದ್ದು

ಆಗ ಟಿವಿಯಲ್ಲಿ ಚೆನ್ನಾಗೇ ಕಾಣ್ತಿತ್ತಲ್ಲ, ಈಗ ಸಾಕ್ಷ್ಯಚಿತ್ರದಲ್ಲಿ ನೋಡಿದ್ರೆ ಯಾಕೆ ಇಷ್ಟು ಮಸುಕು?

1986-87ರಲ್ಲಿ ದೂರದರ್ಶನದಲ್ಲಿ ಮಾಲ್ಗುಡಿ ಡೇಸ್ ಬಂದಾಗ ನಾವೆಲ್ಲ ಆಗುಂಬೆಯನ್ನು ನೋಡಿ ಕುಣಿದಾಡಿದವರೇ. ಪರದೆ ಚಿಕ್ಕದು, ಕೂರುತ್ತಿದ್ದುದು ದೂರ. ನಮ್ಮ ದೇಶದ ಹಳೇ ಟಿವಿ ಚಿತ್ರದಲ್ಲಿ ಕಣ್ಣಿಗೆ ಕಾಣುವ ಗೆರೆಗಳು 576. ಈಗಿನ ಫೋರ್‌ಕೆ ಟಿವಿಯಲ್ಲಿ 2160. ಅದೇ ಚಿತ್ರವನ್ನು ಗೋಡೆಯಷ್ಟು ದೊಡ್ಡ ಪರದೆಗೆ ಎಳೆದರೆ ಮಸುಕಾಗದೆ ಇನ್ನೇನು?

ಆದರೆ ಇದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ನೀವು ನೋಡುತ್ತಿರುವುದು ಮೂಲ ಅಲ್ಲ, ನಕಲಿನ ನಕಲು. ಪಹಣಿಯ ಜೆರಾಕ್ಸಿಗೆ ಮತ್ತೆ ಜೆರಾಕ್ಸು ಮಾಡಿಸಿದರೆ ಅಕ್ಷರ ಕರಗಿ ಹೋಗುತ್ತದಲ್ಲ, ಹಾಗೆ. ಟೇಪಿನಿಂದ ಟೇಪಿಗೆ ನಕಲು ಮಾಡಿದಾಗೆಲ್ಲ ಒಂದಿಷ್ಟು ವಿವರ ಹೋಗುತ್ತದೆ, ಒಂದಿಷ್ಟು ಕಾಳು (ಚಿತ್ರದ ಮೇಲೆ ಕಾಣುವ ಚುಕ್ಕಿ ಚುಕ್ಕಿ) ಸೇರುತ್ತದೆ. ಮೊದಲು ಕೆಂಪು ಬಣ್ಣ ಹರಡಿಕೊಳ್ಳುತ್ತದೆ, ಆಮೇಲೆ ಮುಖದ ಅಂಚು ಹೋಗುತ್ತದೆ. ಮೂರು ನಾಲ್ಕು ಕೈ ದಾಟಿದ ಮೇಲೆ ಅದನ್ನು ಅಂತರ್ಜಾಲಕ್ಕೆ ಹಾಕಿರುತ್ತಾರೆ, ಅಲ್ಲಿ ಮತ್ತೆ ಹಿಂಡಿ ಚಿಕ್ಕದು ಮಾಡಲಾಗಿರುತ್ತದೆ. ಅದನ್ನೇ ತಂದು ಚಿತ್ರದಲ್ಲಿ ಹಾಕಿ, ಹಳೇದು ಇರೋದೇ ಹೀಗೆ ಅಂದುಬಿಡುತ್ತಾರೆ. ಹಳೇದು ಹೀಗಿರಲಿಲ್ಲ. ವಯಸ್ಸಿನಿಂದ ಹಾಳಾಗಿದ್ದು ಕಮ್ಮಿ, ನಮ್ಮ ಕೈಯಲ್ಲಿ ಹಾಳಾಗಿದ್ದೇ ಜಾಸ್ತಿ. ಮುಂದಿನ ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ಮೂಲ ಹುಡುಕಿ ಅನ್ನುವುದು ಇದಕ್ಕೇ.

ಕಾಗೋಡು ಸತ್ಯಾಗ್ರಹದ ಟಿವಿ ದೃಶ್ಯ ಎಲ್ಲಿ ಸಿಗುತ್ತೆ?

ಸಿಗುವುದಿಲ್ಲ. ಗೇಣಿದಾರರು ಕಾಗೋಡಿನಲ್ಲಿ ಹೋರಾಟಕ್ಕೆ ನಿಂತದ್ದು 1951ರಲ್ಲಿ. ನಮ್ಮ ದೇಶದಲ್ಲಿ ಟಿವಿ ಪ್ರಯೋಗ ಶುರುವಾದದ್ದು 1959ರ ಸೆಪ್ಟೆಂಬರಿನಲ್ಲಿ, ಅದೂ ದೆಹಲಿಯಲ್ಲಿ ಮಾತ್ರ. ಕರ್ನಾಟಕದ ಹಳ್ಳಿಗೆ ಟಿವಿ ಬಂದದ್ದು 1975-76ರ ಉಪಗ್ರಹ ಪ್ರಯೋಗದಲ್ಲಿ, ರಾಯಚೂರು, ಬಿಜಾಪುರ, ಗುಲ್ಬರ್ಗ ಕಡೆ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ಕ್ಕೆ. ಬಣ್ಣ ಬಂದದ್ದು 1982ರಲ್ಲಿ.

ಹಾಗಾಗಿ ಈಸೂರಿನ 1942ರ ಸ್ವಾತಂತ್ರ್ಯ ಹೋರಾಟ ಆಗಲಿ, ಕಾಗೋಡು ಆಗಲಿ, 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಕಟ್ಟೆ ಮುಗಿದದ್ದಾಗಲಿ, ಟಿವಿಯಲ್ಲಿ ಇಲ್ಲ. ಆ ಕಾಲದ ಚಲಿಸುವ ಚಿತ್ರ ಏನಾದರೂ ಇದ್ದರೆ ಅದು ಫಿಲಂನಲ್ಲಿ ಇರಬೇಕು. ಫಿಲ್ಮ್ಸ್ ಡಿವಿಷನ್ 1948ರಲ್ಲಿ ಶುರುವಾಯಿತು. ಸಿನಿಮಾ ಮಂದಿರಗಳಲ್ಲಿ ಚಿತ್ರಕ್ಕೆ ಮೊದಲು ಅದರ ಸುದ್ದಿಚಿತ್ರ ತೋರಿಸುತ್ತಿದ್ದರು. ಉಳಿದಂತೆ ಸಿಗುವುದು ಫೋಟೊ ಮತ್ತು ಪತ್ರಿಕೆ. ಯಾವುದೋ ಸಾಕ್ಷ್ಯಚಿತ್ರದಲ್ಲಿ 1951ರ ಮಾತು ಬರುವಾಗ ಜನ ಗದ್ದೆಗೆ ಇಳಿಯುವ ವಿಡಿಯೊ ಓಡುತ್ತಿದ್ದರೆ, ಅದು ಬೇರೆ ಕಡೆಯದು ಅಥವಾ ಆಮೇಲೆ ಅಭಿನಯಿಸಿದ್ದು. ಹಾಕಿದ್ದು ತಪ್ಪಲ್ಲ. ಹೇಳದೆ ಹಾಕಿದ್ದು ತಪ್ಪು.

ಫಿಲಂ, ಟೇಪು ಎಲ್ಲಾ ಒಂದೇ ಅಲ್ವಾ?

ಅಲ್ಲ. ಫಿಲಮ್ಮನ್ನು ಬೆಳಕಿಗೆ ಹಿಡಿದರೆ ಚಿತ್ರ ಬರಿಗಣ್ಣಿಗೆ ಕಾಣುತ್ತದೆ. ಟೇಪನ್ನು ಹಿಡಿದರೆ ಕಂದು ಪಟ್ಟಿ, ಅಷ್ಟೇ. ಟೇಪಿನಲ್ಲಿ ಇರುವುದು ಅಯಸ್ಕಾಂತದ ಗುರುತು. ಅದನ್ನು ಓದುವ ಯಂತ್ರ ಇಲ್ಲದಿದ್ದರೆ ಅದು ಬರೀ ಪ್ಲಾಸ್ಟಿಕ್.

ಇನ್ನೊಂದು ವ್ಯತ್ಯಾಸ ಕೇಳಿದರೆ ಜನ ನಂಬುವುದಿಲ್ಲ. 1960ರ ದಶಕದ ಒಳ್ಳೇ ಫಿಲಂ, 1990ರ ಟಿವಿ ಟೇಪಿಗಿಂತ ಎಷ್ಟೋ ಸ್ಪಷ್ಟ. ಫಿಲಂನಲ್ಲಿ ವಿವರ ಜಾಸ್ತಿ ಇರುತ್ತದೆ, ಇವತ್ತಿನ ಸ್ಕ್ಯಾನರಿನಲ್ಲಿ ಮತ್ತೆ ತೆಗೆಯಬಹುದು. ಹಳೇ ಟಿವಿ ಸುದ್ದಿಯವರೂ 16 ಎಂಎಂ ಫಿಲಂನಲ್ಲೇ ತೆಗೆಯುತ್ತಿದ್ದರು. ಹಾಗಾಗಿ ಟಿವಿ ದೃಶ್ಯ ಅಂದ ತಕ್ಷಣ ಟೇಪು ಅಂತ ತೀರ್ಮಾನ ಮಾಡಬೇಡಿ, ಫಿಲಂ ಡಬ್ಬಿ ಇದೆಯಾ ಅಂತಲೂ ಕೇಳಿ. ಡಬ್ಬಿ ತೆರೆದಾಗ ಹುಳಿ, ವಿನೆಗರ್ ವಾಸನೆ ಬಂದರೆ ಫಿಲಂ ಕರಗಲು ಶುರುವಾಗಿದೆ ಅಂತ ಅರ್ಥ. ಬೇರೆ ಡಬ್ಬಿಗಳಿಂದ ದೂರ ಇಡಿ, ಬೇಗ ಸ್ಕ್ಯಾನ್ ಮಾಡಿಸಿ.

ಟಿವಿ ಕೇಂದ್ರದವರು ಎಲ್ಲಾ ಇಟ್ಟಿರ್ತಾರಲ್ವಾ?

ಎಲ್ಲೂ ಎಲ್ಲಾ ಇಟ್ಟಿಲ್ಲ. ಟೇಪು ಆಗ ದುಬಾರಿ. ಒಂದೇ ಟೇಪಿನ ಮೇಲೆ ಮತ್ತೆ ಮತ್ತೆ ಮುದ್ರಿಸುತ್ತಿದ್ದರು. ಬಿಬಿಸಿಯಂಥ ಸಂಸ್ಥೆಯೇ 1960, 70ರ ದಶಕದ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿತು. ನೇರ ಪ್ರಸಾರ ಆದದ್ದು ಮುದ್ರಣವೇ ಆಗದೆ ಹೋದದ್ದೂ ಉಂಟು.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಕಥೆಯೇ ನೋಡಿ. ಚಂದ್ರನಿಂದ ಬಂದ ಮೂಲ ಸಂಕೇತವನ್ನು ನಾಸಾದವರು ಬೇರೆ ಟೇಪಿನಲ್ಲಿ ಹಿಡಿದಿದ್ದರು. ಟಿವಿಯಲ್ಲಿ ಜಗತ್ತು ನೋಡಿದ್ದು, ಒಂದು ಪರದೆಯ ಮುಂದೆ ಕ್ಯಾಮೆರಾ ಇಟ್ಟು ಮಾಡಿದ ರೂಪಾಂತರ. ಆ ಮೂಲ ಟೇಪುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಬಿಟ್ಟಿರಬೇಕು ಅಂತ 2009ರಲ್ಲಿ ಅವರೇ ಒಪ್ಪಿಕೊಂಡರು. ಕೊನೆಗೆ ಟಿವಿ ಕೇಂದ್ರಗಳಲ್ಲಿ ಉಳಿದಿದ್ದ ಪ್ರತಿಗಳನ್ನು ಹುಡುಕಿ ತಂದು ಸರಿಪಡಿಸಿದರು. ಚಂದ್ರನ ಟೇಪಿಗೇ ಹೀಗಾದರೆ ನಮ್ಮ ತಾಲ್ಲೂಕಿನ ಸುದ್ದಿಯ ಟೇಪಿಗೆ ಏನು ಗತಿ? ಮನೆಯಲ್ಲಿ ಯಾರೋ ವಿಸಿಆರ್‌ನಲ್ಲಿ ಟಿವಿಯಿಂದ ಹಿಡಿದಿಟ್ಟ ಕ್ಯಾಸೆಟ್ ಕೂಡ ಬೆಲೆಯುಳ್ಳದ್ದು ಅನ್ನುವುದು ಇದೇ ಕಾರಣಕ್ಕೆ.

ಮನೆಯಲ್ಲಿ ಕ್ಯಾಸೆಟ್ ಇರುವವರಿಗೆ

ಅಟ್ಟದ ಮೇಲೆ ಕ್ಯಾಸೆಟ್ ಸಿಕ್ಕಿದೆ, ಬೂಷ್ಟು ಹಿಡಿದಿದೆ. ಒರೆಸಿ ಹಾಕಿ ನೋಡಬಹುದಾ?

ದಯವಿಟ್ಟು ಬೇಡ. ಇದನ್ನು ಕಲಿಯಲು ನಾನು ಕೊಟ್ಟ ಬೆಲೆ ಜಾಸ್ತಿ. ಶರಾವತಿ ಹಿನ್ನೀರಿನ ಆಚೆ ಕರೂರು ಹೋಬಳಿಯ ಒಂದು ಮನೆಯಿಂದ ಮದುವೆ ಕ್ಯಾಸೆಟ್ ತಂದಿದ್ದೆ. ಮದುವೆ ಮುಗಿದ ಮೇಲೆ, ಕೊನೆಯಲ್ಲಿ ಹನ್ನೊಂದು ನಿಮಿಷ, ಆ ಮನೆಯ ಅಜ್ಜ ಜಗಲಿಯಲ್ಲಿ ಕೂತು ಊರು ಮುಳುಗಿದ ವರ್ಷದ ಕಥೆ ಹೇಳಿದ್ದರು. ದನಗಳನ್ನು ಮೊದಲು ದಾಟಿಸಿದ್ದು, ತುಳಸಿಕಟ್ಟೆಯ ಮಣ್ಣನ್ನು ಹರಿವಾಣದಲ್ಲಿ ಹೊತ್ತು ತಂದದ್ದು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚಿಗೆ ಬಿಳೀ ನೂಲಿನಂಥದ್ದು ಕಾಣುತ್ತಿತ್ತು. ನಾನು ಹೊರಗಿನಿಂದ ಬಟ್ಟೆಯಲ್ಲಿ ಒರೆಸಿ ಪ್ಲೇಯರಿಗೆ ಹಾಕಿದೆ. ಏಳನೇ ನಿಮಿಷಕ್ಕೆ ಕಿರ್ ಅಂತ ಸದ್ದು ಬಂತು. ಟೇಪು ಒಳಗಿನ ಡ್ರಮ್ಮಿಗೆ ಅಂಟಿ, ಸುತ್ತಿಕೊಂಡು, ಹರಿಯಿತು. ಬಿಡಿಸಿದಾಗ ಮಡಿಕೆ ಬಿದ್ದ ಕಡೆ ಕಂದು ಪುಡಿ ಉದುರಿ ಪಾರದರ್ಶಕ ಪಟ್ಟಿ ಮಾತ್ರ ಉಳಿದಿತ್ತು. ಆ ಪುಡಿಯೇ ಚಿತ್ರ. ಅಜ್ಜ ಆಗಲೇ ತೀರಿಕೊಂಡಿದ್ದರು. ಕೊನೆಯ ನಾಲ್ಕು ನಿಮಿಷದಲ್ಲಿ ಅವರು ಏನು ಹೇಳಿದ್ದರು ಅಂತ ಈಗ ಯಾರಿಗೂ ಗೊತ್ತಿಲ್ಲ.

ಮಾಡಬೇಕಾದದ್ದು ಹೀಗೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಬೇರೆ ಚೀಲದಲ್ಲಿಡಿ, ಇಲ್ಲದಿದ್ದರೆ ಅಕ್ಕಪಕ್ಕದ್ದಕ್ಕೂ ಹಬ್ಬುತ್ತದೆ. ಒಣ ಜಾಗದಲ್ಲಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಕೆಲವು ವಾರ ಇಟ್ಟರೆ ಬೂಷ್ಟು ಒಣಗಿ ಪುಡಿಯಾಗುತ್ತದೆ. ಅಡಿಕೆ ಒಣಗಿಸಿದ ಹಾಗೆ ಅಂಗಳದ ಬಿಸಿಲಿಗೆ ಹಾಕಬೇಡಿ, ಶಾಖಕ್ಕೆ ಟೇಪು ಸೊಟ್ಟಗಾಗುತ್ತದೆ. ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಸ್ಕ್ರೂ ಬಿಚ್ಚಿ ಸುರುಳಿಗಳನ್ನು ಹೊರತೆಗೆಯಬೇಕು. ಮೆತ್ತಗಿನ, ನೂಲು ಬಿಡದ ಬಟ್ಟೆಗೆ ತಾಗಿಸಿ ನಿಧಾನಕ್ಕೆ ಸುತ್ತಿ, ಬೇರೆ ಶುದ್ಧ ಕ್ಯಾಸೆಟ್ ಪೆಟ್ಟಿಗೆಗೆ ಹಾಕಬೇಕು. ಇದು ಕೈ ಕುದುರಿದವರ ಕೆಲಸ. ಮೊದಲು ಬೇಡದ ಕ್ಯಾಸೆಟ್ಟಿನ ಮೇಲೆ ಹತ್ತು ಸಲ ಮಾಡಿ ನೋಡಿ, ಇಲ್ಲವೇ ಗೊತ್ತಿದ್ದವರಿಗೆ ಕೊಡಿ.

ನಮ್ಮ ಮಳೆಗೆ ಎಲ್ಲಿಟ್ಟರೂ ಥಂಡಿ ಹಿಡಿಯತ್ತೆ. ಎಲ್ಲಿಡೋದು?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆರ್ದ್ರೆಯಿಂದ ಶುರುವಾದರೆ ಆಶ್ಲೇಷ ಕಳೆಯುವ ತನಕ ಬಟ್ಟೆಯೇ ಒಣಗುವುದಿಲ್ಲ. ಟೇಪಿನ ಪುಡಿಯನ್ನು ಪ್ಲಾಸ್ಟಿಕ್ಕಿಗೆ ಹಿಡಿದಿಡುವ ಅಂಟು ಗಾಳಿಯ ನೀರನ್ನು ಹೀರಿ ಮೆತ್ತಗಾಗುತ್ತದೆ. ನಮ್ಮ ಕಡೆಯ ದೊಡ್ಡ ಶತ್ರು ಇದೇ.

ಹಿರಿಯರು ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಸಾಮಾನು ಏರಿಸುತ್ತಿದ್ದರು. ಬೀಜಕ್ಕೆ ಅದು ಸರಿ, ಕ್ಯಾಸೆಟ್ಟಿಗೆ ಅಲ್ಲ. ಹೊಗೆ, ಮಸಿ ಎರಡೂ ಟೇಪಿಗೆ ಆಗದು. ಹೆಂಚಿನ ಕೆಳಗೂ ಬೇಡ, ಹೊರಗೋಡೆಗೆ ತಾಗಿದ ಕಪಾಟೂ ಬೇಡ. ಮನೆಯ ನಡುಕೋಣೆಯಲ್ಲಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಹಾಕಿ, ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ ಇಡಿ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಬಿಸಿ ಮಾಡಿ, ತಣಿಸಿ ಮತ್ತೆ ಹಾಕಿ. ಕ್ಯಾಮೆರಾದವರು ಇಡುವ ಡ್ರೈ ಕ್ಯಾಬಿನೆಟ್ ಸಿಕ್ಕರೆ ಇನ್ನೂ ಒಳ್ಳೆಯದು, ತೇವ ಶೇಕಡಾ 40ರ ಆಸುಪಾಸಿನಲ್ಲಿ ಇರಲಿ. ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಇವತ್ತೇ ಮುರಿದುಬಿಡಿ. ಆಮೇಲೆ ಯಾರೂ ಅದರ ಮೇಲೆ ತಪ್ಪಿ ಮುದ್ರಿಸಲು ಆಗುವುದಿಲ್ಲ.

ಪೇಟೆಯಲ್ಲಿ ಡಿವಿಡಿ ಮಾಡಿಸಿದೀವಿ. ಇನ್ನು ಕ್ಯಾಸೆಟ್ ಎಸೀಬಹುದಲ್ವಾ?

ಎಸೆಯಬೇಡಿ. ಡಿವಿಡಿಯಲ್ಲಿ ಹಿಡಿಸುವುದು 4.7 ಜಿಬಿ. ಎರಡು ಗಂಟೆಯ ಚಿತ್ರವನ್ನು ಅದರೊಳಗೆ ತುರುಕಲು ಎಷ್ಟೋ ವಿವರವನ್ನು ಬಿಸಾಡಲೇಬೇಕು. ಅದೇ ಎರಡು ಗಂಟೆಯನ್ನು ಏನೂ ಕಳೆಯದೆ ಇಳಿಸಿದರೆ 60ರಿಂದ 80 ಜಿಬಿ ಆಗುತ್ತದೆ. ಮಳೆ ಹನಿ, ಎಲೆಗಳ ಅಲುಗಾಟ, ಜನಜಂಗುಳಿ ಬಂದಾಗ ಡಿವಿಡಿಯಲ್ಲಿ ಚೌಕ ಚೌಕ ಕಾಣುವುದು ಇದಕ್ಕೇ. ಮನೆಯಲ್ಲಿ ಬರೆದ ಡಿವಿಡಿಯ ಬಣ್ಣದ ಪದರವೂ ನಮ್ಮ ಹವೆಯಲ್ಲಿ ಜಾಸ್ತಿ ವರ್ಷ ನಿಲ್ಲುವುದಿಲ್ಲ. ಕ್ಯಾಸೆಟ್ ಉಳಿದಿದ್ದರೆ ನಾಳೆ ಮತ್ತೆ ಸರಿಯಾಗಿ ಇಳಿಸಬಹುದು.

ಆದರೆ ಆ ನಾಳೆಯನ್ನು ತುಂಬಾ ಮುಂದೂಡಬೇಡಿ. ಜಗತ್ತಿನಲ್ಲಿ ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ ಫುನಾಯ್ 2016ರಲ್ಲಿ ನಿಲ್ಲಿಸಿತು. ಟೇಪು ಚೆನ್ನಾಗಿದ್ದರೂ ಓದುವ ಯಂತ್ರ, ಅದರ ಬಿಡಿಭಾಗ, ರಿಪೇರಿ ಗೊತ್ತಿರುವ ಕೈ ವರ್ಷ ವರ್ಷ ಕಮ್ಮಿಯಾಗುತ್ತಿವೆ.

ಇಳಿಸುವವರ ಹತ್ರ ಏನಂತ ಕೇಳ್ಬೇಕು?

ಮೂರು ವಿಷಯ ಕೇಳಿ. ಟೈಮ್ ಬೇಸ್ ಕರೆಕ್ಟರ್ ಇದೆಯಾ? ಹಳೇ ಟೇಪಿನಲ್ಲಿ ಗೆರೆಗಳು ಒಂದೊಂದು ಒಂದೊಂದು ಹೊತ್ತಿಗೆ ಬರುತ್ತವೆ, ಅದಕ್ಕೇ ಕಂಬ, ಬಾಗಿಲ ಚೌಕಟ್ಟು ನೀರಿನ ನೆರಳಿನ ಹಾಗೆ ಅಲುಗುತ್ತದೆ. ಈ ಯಂತ್ರ ಗೆರೆಗಳನ್ನು ಸಾಲಿಗೆ ನಿಲ್ಲಿಸುತ್ತದೆ. ಎರಡನೆಯದು, ಎಫ್‌ಎಫ್‌ವಿ1 ಅನ್ನುವ ರೂಪದಲ್ಲಿ, ಎಂಕೆವಿ ಫೈಲಾಗಿ ಕೊಡುತ್ತೀರಾ? ಅದರಲ್ಲಿ ಚಿತ್ರ ಏನೂ ಕಳೆಯುವುದಿಲ್ಲ, ದೊಡ್ಡ ಸಂಗ್ರಹಾಲಯಗಳೂ ಅದನ್ನೇ ಬಳಸುತ್ತಿವೆ. ಮೂರನೆಯದು, ಬಣ್ಣ ತಿದ್ದದೆ, ಅಂಚು ಕತ್ತರಿಸದೆ ಕೊಡುತ್ತೀರಾ? ವಿಎಚ್‌ಎಸ್ (ಮನೆಗಳಲ್ಲಿ ಇರುವ ಮಾಮೂಲಿ ವಿಡಿಯೊ ಕ್ಯಾಸೆಟ್) ಚಿತ್ರದ ತಳದಲ್ಲಿ ಒಂದು ಹರಕು ಪಟ್ಟಿ ಇದ್ದೇ ಇರುತ್ತದೆ. ಅದು ಮೂಲ ಫೈಲಿನಲ್ಲಿ ಹಾಗೇ ಇರಲಿ. ತಿದ್ದುವುದನ್ನು ಪ್ರತಿಯ ಮೇಲೆ ಮಾಡಿ.

ಫೈಲು ಬಂದ ಮೇಲೆ ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನದಲ್ಲಿ. ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿ. ಹಾರ್ಡ್ ಡಿಸ್ಕು ಕಪಾಟಿನಲ್ಲಿ ಇಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಗುಡಿಸುವಾಗ, ಹಚ್ಚಿ ನೋಡಿ. ಐದಾರು ವರ್ಷಕ್ಕೆ ಹೊಸ ಡಿಸ್ಕಿಗೆ ದಾಟಿಸಿ.

ಸಾಕ್ಷ್ಯಚಿತ್ರ ಮಾಡುವವರಿಗೆ

ಎಡ ಬಲ ಕಪ್ಪು ಪಟ್ಟಿ ಚೆನ್ನಾಗಿ ಕಾಣಲ್ಲ. ಹಿಗ್ಗಿಸಿ ಪರದೆ ತುಂಬಿಸಿದ್ರೆ ಏನಾಯ್ತು?

ಹಳೇ ಟಿವಿ ಚಿತ್ರದ ಅಳತೆ 4:3. ಈಗಿನ ಪರದೆ 16:9. ಎಳೆದು ಹಿಗ್ಗಿಸಿದರೆ ಎಲ್ಲರೂ ಗಿಡ್ಡ, ದಪ್ಪ ಆಗುತ್ತಾರೆ. ಬದುಕಿದ್ದವರ ಮುಖವನ್ನು ಹಾಗೆ ಮಾಡುವುದು ನನಗೆ ಅವಮರ್ಯಾದೆ ಅನ್ನಿಸುತ್ತದೆ. ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ನಾಲ್ಕನೇ ಒಂದು ಪಾಲು ಹೋಗುತ್ತದೆ.

ಹೋಗುವುದು ಏನು ಅಂತ ಒಮ್ಮೆ ನೋಡಿ. ಹಿನ್ನೀರಿನಲ್ಲಿ ಜನ, ಬಸ್ಸು ದಾಟಿಸುತ್ತಿದ್ದ ಲಾಂಚಿನ ಒಂದು ದೃಶ್ಯ ನನ್ನ ಬಳಿ ಇದೆ. ನಡುವೆ ಬಸ್ಸು ನಿಂತಿದೆ, ಭಾಷಣ ಮಾಡುವವರು ನಿಂತಿದ್ದಾರೆ. ಚಿತ್ರದ ತೀರಾ ಕೆಳಗೆ, ಮೂಲೆಯಲ್ಲಿ, ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು ಕೋಳಿಯ ಕಾಲಿಗೆ ಬಾಳೆ ನಾರು ಕಟ್ಟುತ್ತಿದ್ದಾರೆ. ಪರದೆ ತುಂಬಿಸಿದರೆ ಮೊದಲು ಹೋಗುವುದು ಅವರೇ. ಕಪ್ಪು ಪಟ್ಟಿ ಇರಲಿ ಬಿಡಿ.

ಜೋಗದ ನೀರು ಬೀಳುವಾಗ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಾಣತ್ತೆ. ಟೇಪು ಹಾಳಾಗಿದೆಯಾ?

ಇಲ್ಲ. ಹಳೇ ಟಿವಿ ಒಂದು ಚಿತ್ರವನ್ನು ಎರಡು ಕಂತಿನಲ್ಲಿ ತೋರಿಸುತ್ತಿತ್ತು. ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ಉಳಿದ ಗೆರೆ. ಸೆಕೆಂಡಿಗೆ 25 ಚಿತ್ರ ಅಂದರೆ ಅದು 50 ಅರ್ಧ ಚಿತ್ರ. ಎರಡು ಅರ್ಧದ ನಡುವೆ ರಾಜಾ, ರೋರರ್ ಧುಮುಕುತ್ತಲೇ ಇರುತ್ತವೆ, ಹಾಗಾಗಿ ಎರಡೂ ಕೂಡುವುದಿಲ್ಲ. ಇದನ್ನು ಬಿಡಿಸುವುದಕ್ಕೆ ಡಿಇಂಟರ್‌ಲೇಸ್ ಅನ್ನುತ್ತಾರೆ. ಎಡಿಟಿಂಗ್ ಸಾಫ್ಟ್‌ವೇರಿನ ಮಾಮೂಲಿ ಬಟನ್ ಸುಮ್ನೆ ಅರ್ಧ ಗೆರೆಗಳನ್ನು ಎಸೆದುಬಿಡುತ್ತದೆ. ಕ್ಯೂಟಿಜಿಎಂಸಿ ಎಂಬ ಉಚಿತ ಸಾಧನ 50 ಅರ್ಧಗಳಿಂದ 50 ಪೂರ್ತಿ ಚಿತ್ರ ಕಟ್ಟುತ್ತದೆ. ನಿಧಾನ, ಆದರೆ ನೀರು ನೀರಿನ ಹಾಗೆ ಬೀಳುತ್ತದೆ. ಡಿಇಂಟರ್‌ಲೇಸ್ ಮಾಡುವ ಮೊದಲು ಚಿತ್ರದ ಅಳತೆ ಬದಲಿಸಬೇಡಿ. ಬದಲಿಸಿದರೆ ಗೆರೆಗಳು ಕಲಸಿಹೋಗುತ್ತವೆ, ಮತ್ತೆ ಬಿಡಿಸಲು ಆಗುವುದಿಲ್ಲ.

ಎಐ ಹಾಕಿ ಫೋರ್‌ಕೆ ಮಾಡಿದ್ರೆ ಆಯ್ತಲ್ವಾ?

ಎಐ ಇದ್ದದ್ದನ್ನು ಸ್ಪಷ್ಟ ಮಾಡುವುದಿಲ್ಲ. ಇಲ್ಲದ್ದನ್ನು ಊಹಿಸಿ ಬರೆಯುತ್ತದೆ. ಒಂದು ರೈತ ಮೆರವಣಿಗೆಯ ಟೇಪಿನ ಮೇಲೆ ಪ್ರಯತ್ನ ಮಾಡಿದ್ದೆ. ಮುಂದಿದ್ದವರ ಮುಖ ಮೇಣದ ಹಾಗೆ ನುಣ್ಣಗಾಯಿತು. ಹಿಂದಿದ್ದವರಿಗೆ ಬೇರೆಯವರ ಕಣ್ಣು ಬಂತು. ಬ್ಯಾನರಿನ ಮೇಲೆ ಮಸುಕಾಗಿದ್ದರೂ ಓದಲು ಬರುತ್ತಿದ್ದ ಕನ್ನಡ, ಯಾವ ಲಿಪಿಯೂ ಅಲ್ಲದ ಸುತ್ತುಗೀಟು ಆಯಿತು. ಒತ್ತಕ್ಷರ ಇದ್ದ ಕಡೆ ಎಲೆಯಂಥ ಗುರುತು. ಆ ಬ್ಯಾನರೇ ಸಾಕ್ಷಿ, ಅದನ್ನೇ ಅಳಿಸಿಬಿಟ್ಟಿತು.

ಕಥಾಚಿತ್ರಕ್ಕೆ ಹೇಗಾದರೂ ಮಾಡಿಕೊಳ್ಳಿ. ಚರಿತ್ರೆಗೆ ಬೇಡ. ಕಾಳು ಕಮ್ಮಿ ಮಾಡುವುದು, ಬಿಳಿ ಗೆರೆ ಮುಚ್ಚುವುದು, ಬಣ್ಣ ಸಮ ಮಾಡುವುದು ಸಾಕು. ಮಾಡಲೇಬೇಕು ಅಂತಿದ್ದರೆ ಪರದೆಯ ಮೇಲೆ ಹಾಗಂತ ಬರೆಯಿರಿ, ತಿದ್ದದ ಪ್ರತಿಯನ್ನು ಜೋಪಾನವಾಗಿಡಿ. ಕಪ್ಪು ಬಿಳುಪಿಗೆ ಬಣ್ಣ ಹಚ್ಚುವುದಕ್ಕೂ ಇದೇ ಮಾತು.

ಹಿಂದೆ ಮಳೆ ಸದ್ದು ಜಾಸ್ತಿ ಇದೆ. ಪೂರ್ತಿ ತೆಗೆದು ಸಂಗೀತ ಹಾಕಿಬಿಡೋಣ?

ಪೂರ್ತಿ ತೆಗೆದರೆ ಮಾತಿನ ಸಕಾರ, ಹಕಾರ ಎಲ್ಲ ಹೋಗುತ್ತವೆ. ಹವ್ಯಕರ ಮಾತಿನ, ದೀವರ ಮಾತಿನ ಎಳೆತ ಇರುವುದೇ ಅಂಥ ಚಿಕ್ಕ ಸದ್ದುಗಳಲ್ಲಿ. ಹೆಂಚಿನ ಮೇಲೆ ಬೀಳುವ ಮಳೆಯೂ ಆ ದಿನದ್ದೇ. ಮಾತು ಕೇಳಿಸುವಷ್ಟು ತಗ್ಗಿಸಿ, ಕೆಳಗೆ ಅಕ್ಷರದಲ್ಲಿ ಮಾತು ಕೊಡಿ. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಕೆಲವೊಮ್ಮೆ ಎರಡು ಕಡೆ ದನಿ ಇರುತ್ತದೆ: ಹೈಫೈ ಮತ್ತು ಟೇಪಿನ ಅಂಚಿನದು. ಒಂದು ಗರಗರ ಅಂದರೆ ಇನ್ನೊಂದನ್ನು ಹಚ್ಚಿ ನೋಡಿ.

ಯೂಟ್ಯೂಬಿನಿಂದ ಇಳಿಸಿಕೊಂಡ್ರೆ ಯಾರು ಕೇಳ್ತಾರೆ? ಹಳೇದಲ್ವಾ?

ಹಳೇದಾದರೂ ಹಕ್ಕು ಇರುತ್ತದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಸಾರ ಮಾಡಿದವರ ಹಕ್ಕು 25 ವರ್ಷ, ಚಿತ್ರದ ಹಕ್ಕು 60 ವರ್ಷ. ಎರಡೂ ಬೇರೆ ಬೇರೆ. 1986ರಲ್ಲಿ ಬಂದ ಕಾರ್ಯಕ್ರಮದ ಮೊದಲ ಹಕ್ಕು 2011ರ ಕೊನೆಗೆ ಮುಗಿದಿದ್ದರೂ ಎರಡನೆಯದು 2046ರ ಕೊನೆ ತನಕ ಇರುತ್ತದೆ.

ಹಕ್ಕಿನ ಮಾತು ಬಿಟ್ಟರೂ, ಯೂಟ್ಯೂಬಿನದು ಹಿಂಡಿದ ಪ್ರತಿ. ಪ್ರಸಾರ ಭಾರತಿ ಆರ್ಕೈವ್ಸ್ ತನ್ನ ಸಂಗ್ರಹದ ಎಷ್ಟೋ ಕಾರ್ಯಕ್ರಮಗಳನ್ನು ಅಲ್ಲಿ ಹಾಕಿದೆ. ಅದನ್ನು ಹುಡುಕಲು ಬಳಸಿ. ಬೇಕಾದ ತುಣುಕಿನ ನಿಮಿಷ, ಸೆಕೆಂಡು ಬರೆದುಕೊಂಡು ಮೂಲ ಪ್ರತಿಗೆ, ಅನುಮತಿಗೆ ಪತ್ರ ಬರೆಯಿರಿ. ಹುಡುಕುವಾಗ ಹಳೇ ಹೆಸರುಗಳನ್ನೂ ಹಾಕಿ. ಶಿವಮೊಗ್ಗ ಅನ್ನುವ ಕಾಗುಣಿತ ಇಂಗ್ಲಿಷಿನಲ್ಲಿ ಅಧಿಕೃತವಾದದ್ದು 2014ರ ನವೆಂಬರಿನಲ್ಲಿ. ಅದಕ್ಕೂ ಮೊದಲಿನ ಪಟ್ಟಿಗಳಲ್ಲಿ ಶಿಮೊಗಾ ಅಂತಲೇ ಇರುತ್ತದೆ. 1973ಕ್ಕಿಂತ ಹಿಂದಿನದಾದರೆ ರಾಜ್ಯದ ಹೆಸರು ಮೈಸೂರು.

ಲೇಬಲ್ಲೇ ಇಲ್ಲದ ದೃಶ್ಯ. ಎಲ್ಲಿಯದು, ಯಾವ ವರ್ಷದ್ದು ಅಂತ ಹೇಗೆ ಹಿಡಿಯೋದು?

ಮೊದಲು ವಾಹನದ ನಂಬರು ನೋಡಿ. ಕೆಎ-14 (ಶಿವಮೊಗ್ಗದ ಗುರುತು) ಅಂತಿದ್ದರೆ 1989ರ ನಿಯಮ ಬಂದ ಮೇಲಿನದು. ರೈಲು ಕಂಡರೆ ಹಳಿಯ ಅಗಲ ನೋಡಿ. ತಾಳಗುಪ್ಪದ ಕಡೆ ಮೀಟರ್‌ಗೇಜ್ ಇದ್ದರೆ ಹಳೇ ಕಾಲದ್ದು, ಈಗ ಅಲ್ಲಿ ಬ್ರಾಡ್‌ಗೇಜ್. ಹಿನ್ನೀರಿನಲ್ಲಿ ಮಡೆನೂರಿನ ಹಳೇ ಕಟ್ಟೆ ಎದ್ದು ಕಂಡರೆ ಅದು ಮಳೆ ಕಮ್ಮಿಯಾದ ವರ್ಷದ ಬೇಸಿಗೆ. ಅಡಿಕೆ ಕೊಯ್ಲೋ, ಗದ್ದೆ ನಾಟಿಯೋ ಅಂತ ನೋಡಿದರೆ ತಿಂಗಳು ಸಿಗುತ್ತದೆ. ಗೋಡೆಯ ಸಿನಿಮಾ ಪೋಸ್ಟರು, ಚುನಾವಣೆಯ ಬರಹ ಕಂಡಲ್ಲಿ ಚಿತ್ರ ನಿಲ್ಲಿಸಿ ಓದಿ.

ಇಷ್ಟಾದ ಮೇಲೆ ಊರಿನವರಿಗೆ ತೋರಿಸಿ. ಸಾಗರದ ಮಾರಿಜಾತ್ರೆ ಅಂತ ಬರೆದಿದ್ದ ಒಂದು ಕ್ಯಾಸೆಟ್ ಇತ್ತು. ಸಾಗರದ್ದು ಮೂರು ವರ್ಷಕ್ಕೊಮ್ಮೆ, ಹಾಗಾಗಿ ವರ್ಷ ಹಿಡಿಯುವುದು ಸುಲಭ ಅಂದುಕೊಂಡಿದ್ದೆ. ಒಂದು ಮನೆಯ ಪಡಸಾಲೆಯಲ್ಲಿ ಬಿಳೀ ಪಂಚೆ ಕಟ್ಟಿ ತೋರಿಸುತ್ತಿದ್ದಾಗ ಹಿಂದೆ ಕೂತಿದ್ದ ಅಮ್ಮನೊಬ್ಬರು, "ಇದು ನಮ್ಮ ಸಾಗರ ಅಲ್ಲ ತಮ್ಮಾ, ಶಿರಸಿ. ಆ ಬಳೆ ಅಂಗಡಿ ಹತ್ರ ನಿಂತಿರೋದು ನನ್ನ ಅಕ್ಕ, ಅವಳನ್ನ ಕೊಟ್ಟಿದ್ದು ಅಲ್ಲಿಗೇ" ಅಂದರು. ಶಿರಸಿಯದು ಎರಡು ವರ್ಷಕ್ಕೊಮ್ಮೆ. ಅಕ್ಕನ ತೋಳಿನ ಮಗುವಿಗೆ ಆಗ ಎಷ್ಟು ವಯಸ್ಸು ಅಂತ ಲೆಕ್ಕ ಹಾಕಿ ಅವರೇ ವರ್ಷವನ್ನೂ ಹೇಳಿದರು. ಲೇಬಲ್ಲಿನ ಹಳೇ ಹೆಸರನ್ನು ನಾನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಹೊಸದನ್ನು ಬರೆದು, ಹೇಳಿದವರು ಯಾರು, ಯಾವತ್ತು ಹೇಳಿದರು ಅಂತ ಸೇರಿಸಿದೆ.